ಕನ್ನಡಿಯಿಂದ ನಾಲ್ಕು ಬೆರಳು

ನನ್ನೊಳಗೊಂದು ಸಣ್ಣ ಅಳುಕಿದೆ. ದಿನಚರಿಯಲ್ಲಿ ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೆ. ಸೋಮವಾರ ಸಂಜೆ ನಾಲ್ಕನೆಯ ಸಲ ಬರೆದು ಹಾಗೇ ಬಿಟ್ಟೆ: ದೊಡ್ಡಮ್ಮ ದಾರಿ ತಪ್ಪುತ್ತಿರುವುದು ನನ್ನ ದೆಸೆಯಿಂದ ಇರಬಹುದೇ?

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ನಮ್ಮ ಜೊತೆಯಲ್ಲೇ ಇದ್ದಾಳೆ. ಇಪ್ಪತ್ತೆರಡು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಾಳೆ. ಡಿಗ್ರಿ ಮುಗಿಸಿ ನಾನು ಒಂದು ವರ್ಷ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ ಅವಳೇ ಯಜಮಾನರ ಹತ್ತಿರ ಮಾತಾಡಿ ತನ್ನ ಕಚೇರಿಯಲ್ಲೇ ಕೆಲಸ ಕೊಡಿಸಿದಳು. ಹದಿನಾಲ್ಕು ಕಾರುಗಳ ಕಚೇರಿ; ಒಬ್ಬರಿಗೆ ಒಂದು ಕಾರು. ಯಾವ ಗಿರಾಕಿಗೆ ಯಾವ ಕಾರು ಎಂದು ನೋಡಿ ವಿಳಾಸವನ್ನು ಡ್ರೈವರುಗಳ ಫೋನಿಗೆ ಕಳಿಸುವುದು ನನ್ನ ಕೆಲಸ. ಬಾಯಿ ತೆರೆಯಬೇಕಾಗಿಲ್ಲ, ಬೆರಳಾಡಿಸಿದರೆ ಸಾಕು. ನನಗೆ ಹೇಳಿ ಮಾಡಿಸಿದ ಹಾಗಿತ್ತು.

"ಈ ಹುಡುಗಿ ಮಾತಾಡಿದ್ದು ಕೇಳಿದೋರು ಯಾರಾದ್ರೂ ಇದ್ರೆ ಕೈ ಎತ್ತಿ" ಎಂದು ಏಣಿ ಎಲ್ಲರ ಮುಂದೆ ಕೇಳುತ್ತಿದ್ದ. ಏಣಿ ಎಂದರೆ ಆರಡಿ ದಾಟಿದ ಒಬ್ಬ ಡ್ರೈವರು. ಕಾರಿನಿಂದ ಇಳಿಯುವಾಗ ಅವನು ಮೂರು ಕಂತಿನಲ್ಲಿ ಹೊರಗೆ ಬರುತ್ತಾನೆ.

ಎಂಟು ತಿಂಗಳ ಹಿಂದೆ ಯಜಮಾನರು ನನ್ನ ಮೇಜಿನ ಬಳಿ ಬಂದು, "ಓದಿದೋಳು ನೀನು. ಫೋನ್ ಇಡೋಕೆ ಒಳ್ಳೇದೊಂದು ಹೋಲ್ಡರ್ ನೋಡಿ ಹದಿನಾಲ್ಕು ತರಿಸಮ್ಮ" ಎಂದಿದ್ದರು. ಅಲ್ಲಿಯವರೆಗೆ ನಮ್ಮ ಡ್ರೈವರುಗಳು ಫೋನನ್ನು ತೊಡೆಯ ಮೇಲೆ, ಗೇರಿನ ಪಕ್ಕ, ಒಬ್ಬಾತನಂತೂ ಟೋಪಿಯೊಳಗೆ ಇಟ್ಟುಕೊಂಡು ಮ್ಯಾಪ್ ನೋಡುತ್ತಿದ್ದರು. ನಾನು ಒಂದು ಮಧ್ಯಾಹ್ನವಿಡೀ ಕಂಪ್ಯೂಟರಿನಲ್ಲಿ ತಡಕಾಡಿದೆ. ನಾಲ್ಕೂವರೆ ನಕ್ಷತ್ರ, ಎರಡು ಸಾವಿರ ಜನರ ಹೊಗಳಿಕೆ ಇದ್ದ ಒಂದನ್ನು ಆರಿಸಿದೆ. ಮುಂದಿನ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು, ಅದಕ್ಕೊಂದು ತೋಳು, ತುದಿಯಲ್ಲಿ ಫೋನು ಹಿಡಿಯುವ ಎರಡು ದವಡೆ. ಯಾವ ಕಾರಿನ ಡ್ರೈವರ್ ಸೀಟಿನಲ್ಲೂ ನಾನು ಜನ್ಮದಲ್ಲಿ ಕೂತವಳಲ್ಲ.

ಅದನ್ನು ಅಂಟಿಸುವ ಕೆಲಸವನ್ನು ಯಜಮಾನರು ತಾವೇ ವಹಿಸಿಕೊಂಡರು. ಅವರಿಗೆ ಎಲ್ಲವೂ ಒಂದೇ ಥರ ಇರಬೇಕು: ಸೀಟಿನ ಬಟ್ಟೆ, ಕಾಲೊರೆಸು, ಹಿಂದಿನ ಗಾಜಿನ ಮೇಲಿನ ನಂಬರು. ಪ್ರತಿ ಕಾರಿನೊಳಗೂ ಮಂಡಿಯೂರಿ, ಕನ್ನಡಿಯ ಬುಡಕ್ಕೆ ಕೈಯಿಟ್ಟು ಅಳೆದರು. "ಕನ್ನಡಿಯಿಂದ ನಾಲ್ಕು ಬೆರಳು ಕೆಳಗೆ. ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಹದಿನಾಲ್ಕೂ ಒಂದೇ ಬಸಿರಲ್ಲಿ ಹುಟ್ಟಿದ ಹಾಗೆ ಕಾಣಬೇಕು!" ಎಲ್ಲರೂ ಭೇಷ್ ಎಂದರು. "ಹುಡುಕಿ ಹುಡುಕಿ ತರಿಸಿದೀನಿ" ಎಂದು ಯಜಮಾನರು ಮೀಸೆ ತೀಡಿಕೊಂಡರು. ನಾನು ಆರಿಸಿದ್ದೆಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೊಗಳಿಕೆ ತಪ್ಪಿದ್ದಕ್ಕೆ ನನಗೆ ಖುಷಿಯೇ ಆಗಿತ್ತು. ಬೈಗುಳವೂ ತಪ್ಪುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಅದೇ ಸುಮಾರಿಗೆ ದೊಡ್ಡಮ್ಮನಿಗೆ ಕಚೇರಿಯಲ್ಲಿ 'ಗತ್ತಿನಕ್ಕ' ಎಂದು ಹೆಸರು ಬಿತ್ತು. ಕಾರಿನಲ್ಲಿ ಕೂತರೆ ಸಾಕು, ಗಲ್ಲ ಮೇಲೆತ್ತುತ್ತಾಳೆ, ಎದುರಿಗೆ ಬರುವವರನ್ನೆಲ್ಲ ಮೂಗಿನ ತುದಿಯಿಂದ ನೋಡುತ್ತಾಳೆ ಎಂದು ಏಣಿ ನಟಿಸಿ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ದೊಡ್ಡಮ್ಮನೂ ನಗುತ್ತಿದ್ದಳು.

ಹಳೆಯ ಊರಿನ ಓಣಿಗಳು ಅವಳಿಗೆ ಅಂಗೈ ಗೆರೆ. ಆದರೆ ಈಗ ಗಿರಾಕಿಗಳು ಹೆಚ್ಚಾಗಿ ಇರುವುದು ಊರಾಚೆಯ ಹೊಸ ಬಡಾವಣೆಗಳಲ್ಲಿ. ಅಲ್ಲಿ ರಸ್ತೆಗಳಿಗೆ ಹೆಸರಿಲ್ಲ, ಬರೀ ನಂಬರು. ಮ್ಯಾಪ್ ಇಲ್ಲದಿದ್ದರೆ ಅಲ್ಲೇ ಹುಟ್ಟಿದವನೂ ಮನೆ ಸೇರಲಾರ. ಕಳೆದ ತಿಂಗಳು ದೊಡ್ಡಮ್ಮ ಅಲ್ಲಿ ಮೂರು ಸಲ ತಿರುವು ತಪ್ಪಿಸಿದಳು. ಮೂರನೆಯ ಸಲ ಕಾರಿನಲ್ಲಿದ್ದವನು ಕೆಲಸದ ಸಂದರ್ಶನಕ್ಕೆ ಹೊರಟವನು. ಸೇತುವೆಯ ಕೆಳಗಿನ ದಾರಿ ಹಿಡಿಯಬೇಕಾದ ಕಡೆ ಅವಳು ಮೇಲೆ ಹತ್ತಿಸಿದಳು, ಇಳಿಯಲು ನಾಲ್ಕು ಕಿಲೋಮೀಟರು. ಅವನು ಬರೆದ ದೂರು ನನ್ನ ಪರೀಕ್ಷೆಯ ಉತ್ತರಪತ್ರಿಕೆಗಿಂತ ಉದ್ದವಿತ್ತು.

ಸೋಮವಾರ ಯಜಮಾನರು ಅವಳನ್ನು ಕರೆದರು. ನಾನು ಕಂಪ್ಯೂಟರಿನ ಹಿಂದೆ ಆದಷ್ಟು ಚಿಕ್ಕದಾಗಿ ಕೂತಿದ್ದೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ವಯಸ್ಸು ಯಾರನ್ನ ಬಿಟ್ಟಿದೆ? ಇನ್ನು ಗಿರಾಕಿಗಳ ಫೋನ್ ತಗೊಳ್ಳೋ ಮೇಜಿಗೆ ಬಂದ್ಬಿಡಿ. ನೆರಳಲ್ಲಿ ಕೂತ್ಕೋತೀರಿ."

"ಮೇಜಿಗೆ ನಾಲ್ಕು ಕಾಲಿದೆ, ಚಕ್ರ ಒಂದೂ ಇಲ್ಲ. ನಾನಲ್ಲಿ ಕೂತು ಏನು ಮಾಡ್ಲಿ?"

"ಮೂರು ಕಂಪ್ಲೇಂಟು ಬಂದಿದೆ ಅಕ್ಕಾ."

"ಇಪ್ಪತ್ತೆರಡು ವರ್ಷದಲ್ಲಿ ಮೂರು."

"ಒಂದು ತಿಂಗಳಲ್ಲಿ ಮೂರು."

ದೊಡ್ಡಮ್ಮ ಕಾರಿನ ಕೀಲಿಯನ್ನು ಮುಷ್ಟಿಯೊಳಗೆ ಹಿಡಿದು, "ಹಾಗಾದ್ರೆ ಪರೀಕ್ಷೆ ಮಾಡಿ. ಹೊಸ ಬಡಾವಣೇಲೇ ಮಾಡಿ" ಎಂದಳು.

ಶನಿವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಐದು ವಿಳಾಸ, ಯಜಮಾನರೇ ಹಿಂದಿನ ಸೀಟಿನಲ್ಲಿ. ಒಂದು ತಿರುವು ತಪ್ಪಿದರೂ ಕೀಲಿ ಮೇಜಿನ ಮೇಲಿಡಬೇಕು.

ನಲ್ಲಿಯ ಜೊತೆಗೂ ಜಗಳವಾಡುವ ದೊಡ್ಡಮ್ಮ ಆ ಸಂಜೆ ಸೀದಾ ಸೂಜಿದಾರ ಎತ್ತಿಕೊಂಡಳು. ಕಿಟಕಿಯ ಬಳಿ ಕೂತು ಅಮ್ಮನ ರವಿಕೆಯ ತೋಳು ಹೊಲಿಯುತ್ತಿದ್ದಳು. ದಾರ ಮುಗಿಯಿತು. ದಿನಾ ಹಾಕುವ ಕನ್ನಡಕದಲ್ಲೇ, ಸೂಜಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಒಂದೇ ಏಟಿಗೆ ಪೋಣಿಸಿದಳು. ನಾನು ನೋಡುತ್ತಲೇ ಇದ್ದೆ. ಕಣ್ಣು ಹೋದವಳು ಸೂಜಿ ಪೋಣಿಸುವುದುಂಟೆ? ಮತ್ತೆ, ಗಲ್ಲ ಎಲ್ಲಿದ್ದದ್ದು ಅಲ್ಲೇ ಇದೆ. ಮನೆಯಲ್ಲಿ ಇಲ್ಲದ ಗತ್ತು ಕಾರಿನಲ್ಲಿ ಎಲ್ಲಿಂದ ಬರುತ್ತದೆ?

ಮರುದಿನ ಕಚೇರಿ ತೆರೆಯುವ ಮುಂಚೆ ಅವಳ ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ದೊಡ್ಡಮ್ಮ ಗಿಡ್ಡ. ಬೆನ್ನಿಗೊಂದು ದಿಂಬು ಇಟ್ಟು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ, ಸ್ಟೀರಿಂಗು ಹೊಟ್ಟೆಗೆ ತಾಗಲು ಒಂದು ಗೇಣು ಬಾಕಿ. ಮೊದಲ ವೃತ್ತ ಬಂತು. ಗಲ್ಲ ಮೇಲೆ ಹೋಯಿತು, ಗಾಳಿಪಟ ನೋಡುವವರ ಹಾಗೆ. ಎರಡನೆಯ ವೃತ್ತದಲ್ಲೂ ಹಾಗೇ. ಗಲ್ಲ ಕೆಳಗಿಳಿದು ಕಣ್ಣು ರಸ್ತೆಗೆ ಮರಳುವಷ್ಟರಲ್ಲಿ ತಿರುವು ಪಕ್ಕಕ್ಕೇ ಬಂದಿರುತ್ತಿತ್ತು.

"ದೊಡ್ಡಮ್ಮಾ, ಕಾರು ಪಕ್ಕಕ್ಕೆ ಹಾಕು."

"ಯಾಕೆ, ವಾಂತಿ ಬರ್ತಿದ್ಯಾ?"

"ಇಲ್ಲ. ಹಾಕು ಅಂದೆ."

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೇ ಇರಬೇಕು, ಹಾಕಿದಳು. ಹೋಲ್ಡರಿನಿಂದ ಫೋನು ಬಿಡಿಸಿ ಅವಳ ಎದೆಯ ಮಟ್ಟಕ್ಕೆ ಹಿಡಿದೆ. "ಓದು." ರಸ್ತೆಯ ನಂಬರಷ್ಟೇ ಅಲ್ಲ, ಮೂಲೆಯ ಔಷಧಿ ಅಂಗಡಿಯ ಹೆಸರನ್ನೂ ಪಟಪಟ ಓದಿದಳು. ಫೋನನ್ನು ಮೆಲ್ಲಗೆ ಕನ್ನಡಿಯ ಹತ್ತಿರಕ್ಕೆ ಏರಿಸಿದೆ. "ಈಗ?"

"ನೀಲಿ ಹುಳ ಒಂದು ಹರಿದಾಡ್ತಿದೆ."

"ಗಲ್ಲ ಎತ್ತದೆ ನೋಡು."

"ಎತ್ತದೇ ಹೋದ್ರೆ ಹುಳಾನೂ ಇಲ್ಲ."

ಅವಳ ಕನ್ನಡಕ ತೆಗೆದು ಬೆಳಕಿಗೆ ಹಿಡಿದೆ. ಅಲ್ಲೇ ಇತ್ತು ಉತ್ತರ, ದಿನಾ ಕಣ್ಣೆದುರಿಗೇ ಇದ್ದದ್ದು. ಗಾಜಿನ ಮೇಲಿನ ಭಾಗ ದೂರ ನೋಡಲು. ಕೆಳಗಿನ ಪುಟ್ಟ ಅರ್ಧಚಂದ್ರ ಹತ್ತಿರ ನೋಡಲು. ರಸ್ತೆ ದೂರ, ಫೋನು ಹತ್ತಿರ. ಹತ್ತಿರದ ವಸ್ತುವನ್ನು ನಾವು ದೂರದ ಗಾಜಿನ ಎದುರಿಗೆ ನೇತುಹಾಕಿದ್ದೆವು. ಪಾಪ, ಆ ಅರ್ಧಚಂದ್ರವನ್ನು ಫೋನಿನವರೆಗೆ ಎತ್ತಲು ಅವಳು ತಲೆಯನ್ನೇ ಎತ್ತಬೇಕಾಗಿತ್ತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಫೋನು ಕಾಣಲ್ಲ ಅಂದ್ರೆ ಮುದುಕಿಗೆ ಕಣ್ಣು ಹೋಯ್ತು ಅಂತಾರೆ. ಹೋದ ವರ್ಷ ಲೈಸೆನ್ಸಿಗೆ ಅಂತ ಡಾಕ್ಟ್ರ ಹಲಗೇಲಿ ಕೊನೇ ಸಾಲಿನವರೆಗೂ ಓದಿದೀನಿ, ಯಾರು ಕೇಳ್ತಾರೆ? ಗತ್ತು ಅಂದ್ಕೊಂಡ್ರೆ ಅಂದ್ಕೊಳ್ಲಿ. ಗತ್ತು ಮಾಡಿದ್ರೆ ಯಾರೂ ಕೆಲಸದಿಂದ ತೆಗೆಯಲ್ಲ."

ಆ ಹೋಲ್ಡರನ್ನು ಆರಿಸಿದ್ದು ನಾನು ಎಂದು ಆಗಲೇ ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. "ನೀರು ಕುಡೀತೀಯಾ?" ಎಂಬುದು ಹೊರಗೆ ಬಂತು.

ಗುರುವಾರ ಇಬ್ಬರೂ ಅರ್ಧ ದಿನ ರಜೆ ಹಾಕಿ ಕಾರಿನ ಬಿಡಿಸಾಮಾನಿನ ಅಂಗಡಿಗೆ ಹೋದೆವು. ಒಂದು ಗೋಡೆಯ ತುಂಬ ಹೋಲ್ಡರುಗಳು, ಹಲ್ಲುಕಿರಿದುಕೊಂಡು ನೇತಾಡುತ್ತಿದ್ದವು. ಅಂಗಡಿಯವನು ಕೋಲು ಹಿಡಿದು, "ಯಾವ್ದು ತೆಗೀಲಿ? ಕೆಂಪು ಬಂದಿದೆ, ಹೊಸ ಮಾಲು" ಎಂದ.

ಈ ಸಲ ನಾನು ಗೋಡೆಯನ್ನು ನೋಡಲಿಲ್ಲ. ಬಸ್ ಟಿಕೆಟ್ಟಿನಷ್ಟು ಅಗಲದ ಒಂದು ಕಾಗದದ ಮೇಲೆ ಸಣ್ಣಕ್ಷರದಲ್ಲಿ ನಾಲ್ಕು ಸಾಲು ಬರೆದು ತಂದಿದ್ದೆ. ಅಂಗಡಿಯ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ದೊಡ್ಡಮ್ಮನನ್ನು ದಿಂಬಿನ ಸಮೇತ ಕೂರಿಸಿ, ಬೀದಿಯ ಕೊನೆಯ ಕಂಬವನ್ನು ನೋಡುತ್ತಿರು ಎಂದೆ. ನಾನು ಕಾಗದವನ್ನು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಇಷ್ಟಿಷ್ಟೇ ಸರಿಸುತ್ತ ಹೋಗುವುದು; ಗಲ್ಲ ಅಲುಗಿಸದೆ, ಬರೀ ಕಣ್ಣು ಇಳಿಸಿದರೆ ಎಲ್ಲಿ ಓದಲು ಬರುತ್ತದೋ ಅಲ್ಲಿ ಅವಳು 'ನಿಲ್ಲು' ಎನ್ನುವುದು.

"ನಿಲ್ಲು."

ಸ್ಟೀರಿಂಗಿನ ಪಕ್ಕ, ಎಸಿ ಕಿಂಡಿಯ ಮೇಲಂಚಿನ ಹತ್ತಿರ. ಬಳಪದಿಂದ ಗುರುತು ಹಾಕಿದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಲು ಹೇಳಿದೆ. ಅವಳ ಬೆರಳಿನ ಗೆಣ್ಣು ನನ್ನ ಕೈಗೆ ಬಡಿಯಿತು. ಎರಡು ಬೆರಳು ಪಕ್ಕಕ್ಕೆ ಸರಿಸಿ ಮತ್ತೆ ಗುರುತು ಹಾಕಿದೆ. ಆಮೇಲೆ ಅವಳನ್ನು ಇಳಿಸಿ ನಾನೇ ಆ ಸೀಟಿನಲ್ಲಿ ಕೂತೆ. ಹುಟ್ಟಿದ ಮೇಲೆ ಮೊದಲ ಸಲ. ಎದುರಿಗೆ ಇಡೀ ಬೀದಿ ನನ್ನ ಮೇಲೇ ಬರುತ್ತಿರುವ ಹಾಗೆ ಕಂಡಿತು. ಇದನ್ನೆಲ್ಲ ನೋಡಿಕೊಂಡು, ಜೊತೆಗೆ ಮೇಲೆ ತೂಗುವ ಫೋನನ್ನೂ ಓದಬೇಕಿತ್ತೇ ಇವಳು?

"ಹದಿನೈದು ವರ್ಷದಿಂದ ಅಂಗಡಿ ಇಟ್ಟಿದೀನಿ" ಎಂದ ಅಂಗಡಿಯವನು, "ಎಲ್ರೂ ಹೋಲ್ಡರ್ ತಗೊಂಡು ಆಮೇಲೆ ಜಾಗ ಹುಡುಕ್ತಾರೆ. ನೀವೇನಮ್ಮ, ಜಾಗ ಹಿಡ್ಕೊಂಡು ಹೋಲ್ಡರ್ ಹುಡುಕೋಕೆ ಬಂದಿದೀರಾ?"

ಅಲ್ಲಿಂದ ಕೆಲಸ ಸುಲಭವಾಯಿತು, ಜಗಳ ಜೋರಾಯಿತು. ಕಿಂಡಿಗೆ ಸಿಕ್ಕಿಸುವುದನ್ನು ಮೊದಲು ಕೊಟ್ಟ. ಫೋನಿನ ಭಾರಕ್ಕೆ ಕಿಂಡಿಯ ಪಟ್ಟಿಗಳು ತಲೆಬಾಗಿ ಫೋನು ಗೇರಿಗೆ ಅಡ್ಡಬಿತ್ತು. ಲೋಟ ಇಡುವ ಗುಂಡಿಯಿಂದ ಹಂಸದ ಕುತ್ತಿಗೆಯ ಹಾಗೆ ಎದ್ದುಬರುವ ಇನ್ನೊಂದು. "ಇದನ್ನ ನೋಡೋಕೆ ಬಗ್ಗಿದ್ರೆ ಮುಂದಿನ ಬಸ್ಸಿಗೆ ಮುತ್ತು ಕೊಡ್ತೀನಿ" ಎಂದಳು ದೊಡ್ಡಮ್ಮ. ಆಯಸ್ಕಾಂತದ್ದನ್ನು ಅವನು ಬಹಳ ಮೆಚ್ಚಿ ತೋರಿಸಿದ. ಬೀದಿಯ ಉಬ್ಬಿನ ಮೇಲೆ ಒಮ್ಮೆ ಓಡಿಸಿ ನೋಡೋಣ ಎಂದೆ. ದೊಡ್ಡಮ್ಮನ ಫೋನಿನ ಕವರು ಕಂಬಳಿಯಷ್ಟು ದಪ್ಪ. ಉಬ್ಬು ದಾಟುತ್ತಲೇ ಫೋನು ಅವಳ ಮಡಿಲಿಗೆ ಹಾರಿತು.

"ಕವರ್ ತೆಗೀರಿ" ಎಂದ ಅವನು.

"ನಿನ್ನ ಅಂಗಿ ತೆಗೆದು ಅಂಗಡೀಲಿ ಕೂರ್ತೀಯಾ?"

ಕೊನೆಗೆ ಧೂಳು ಹಿಡಿದ ಡಬ್ಬದಿಂದ ಒಂದನ್ನು ತೆಗೆದ. ಗಿಡ್ಡ ತೋಳು, ತಳದಲ್ಲಿ ಅಗಲವಾದ ಅಂಟು ಬಿಲ್ಲೆ, ಫೋನಿಗೆ ಮೂರು ಕಡೆ ಹಿಡಿತ. ನೋಡಲು ಕುರೂಪಿ. ಡ್ಯಾಶ್‌ಬೋರ್ಡು ತರಿತರಿಯಾಗಿದ್ದರಿಂದ ಅಂಟು ನಿಲ್ಲುವುದೋ ಇಲ್ಲವೋ ಎಂದು ನಾನು ಉಗುರಿನಿಂದ ಕೆರೆದು ನೋಡಿದೆ. ಗುರುತಿನ ಪಕ್ಕದಲ್ಲೇ ಅಂಗೈಯಷ್ಟು ನುಣುಪು ಜಾಗವಿತ್ತು, ಏರ್‌ಬ್ಯಾಗಿನ ಮುಚ್ಚಳದಿಂದ ದೂರ. ಒದ್ದೆ ಬಟ್ಟೆ, ಒಣ ಬಟ್ಟೆ, ಆಮೇಲೆ ಬಿಲ್ಲೆಯನ್ನು ಒತ್ತಿ ನೂರರವರೆಗೆ ಎಣಿಸಿದೆ. ಉಬ್ಬಿನ ಮೇಲೆ ಆರು ಸಲ ಹತ್ತಿಳಿದೆವು. ಕದಲಲಿಲ್ಲ.

ದೊಡ್ಡಮ್ಮ ಬೀದಿಯನ್ನು ನೋಡಿದಳು, ಕಣ್ಣಿಳಿಸಿ ಫೋನು ನೋಡಿದಳು, ಮತ್ತೆ ಬೀದಿ ನೋಡಿದಳು. ಗಲ್ಲ ಅಲ್ಲೇ ಇತ್ತು.

"ಅಯ್ಯೋ," ಎಂದಳು ಮೆಲ್ಲಗೆ, "ಇಷ್ಟೇನಾ?"

ಶನಿವಾರ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಬಂದರು. ವಿಳಾಸಗಳನ್ನು ಒಂದೊಂದಾಗಿ ಕಳಿಸಲು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಕೂತವರೇ ಮುಂದಕ್ಕೆ ಬಾಗಿ, "ಇದೇನಿದು! ನಾಲ್ಕು ಬೆರಳಿನ ಜಾಗದಲ್ಲಿದ್ದ ಹೋಲ್ಡರ್ ಎಲ್ಲಿ?" ಎಂದರು.

"ಡಿಕ್ಕೀಲಿದೆ" ಎಂದಳು ದೊಡ್ಡಮ್ಮ. "ಪರೀಕ್ಷೆ ನಿಮ್ಮದು, ಪೆನ್ನಾದ್ರೂ ನಂದಿರಲಿ."

ಅವರು ಗೊಣಗುತ್ತ ಬಾಗಿಲು ಎಳೆದುಕೊಂಡರು. ನಾನು ಮೊದಲ ವಿಳಾಸ ಕಳಿಸಿದೆ.

ಒಂದನೆಯದು ಸಲೀಸು. ಎರಡನೆಯದರಲ್ಲಿ ಒಂದೇ ಥರದ ಏಳು ಅಡ್ಡರಸ್ತೆಗಳು ಸಾಲಾಗಿದ್ದವು. ನಾನು ಬೆರಳು ಮಡಿಚುತ್ತ ಎಣಿಸಿದೆ. ದೊಡ್ಡಮ್ಮ ಐದನೆಯದಕ್ಕೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿದಳು. ಮೂರನೆಯದಕ್ಕೆ ಹೋಗುವಾಗ ರಸ್ತೆ ಅಗೆದಿದ್ದರು, ಮ್ಯಾಪು ನಡುವೆಯೇ ದಾರಿ ಬದಲಿಸಿತು. ಕಣ್ಣು ಒಮ್ಮೆ ಇಳಿಯಿತು, ಏರಿತು. ಇಂಡಿಕೇಟರು ಟಿಕ್ ಟಿಕ್ ಎಂದಿತು. ನಾಲ್ಕನೆಯದು ಗೇಟೇ ಕಾಣದ ಒಂದು ಆಸ್ಪತ್ರೆಯ ಹಿಂಬಾಗಿಲು. ಅದೂ ಆಯಿತು. ಯಜಮಾನರು ಆಗಲೇ ಬೆನ್ನು ಒರಗಿಸಿ ಕೂತಿದ್ದರು.

ಐದನೆಯದನ್ನು ಅವರೇ ಆರಿಸಿದ್ದರು: ಆ ಸಂದರ್ಶನದವನು ಹೋಗಬೇಕಿದ್ದ ಕಟ್ಟಡ. ದೂರದಿಂದಲೇ ಸೇತುವೆ ಕಂಡಿತು. ದಾರಿ ಎರಡಾಗುವ ಜಾಗದಲ್ಲಿ ಎರಡೂ ಒಂದರ ಪಕ್ಕ ಒಂದು ಅಂಟಿಕೊಂಡೇ ಓಡುತ್ತವೆ. ತೀರ ಹತ್ತಿರ ಹೋಗುವವರೆಗೆ ಯಾವುದು ಮೇಲೇರುತ್ತದೆ ಎಂದು ತಿಳಿಯುವುದಿಲ್ಲ. ಹಿಂದೊಂದು ಲಾರಿ ಹಾರ್ನ್ ಒತ್ತುತ್ತಿತ್ತು. ಯಜಮಾನರ ಕೈ ಮುಂದಿನ ಸೀಟನ್ನು ಹಿಡಿದುಕೊಂಡಿತ್ತು. ಪರೀಕ್ಷೆ ಮಾಡುವವರೇ ಪಾಸಾಗಲಿ ಎಂದು ಹಿಡಿದ ಹಿಡಿತ ಅದು ಎಂದು ನನಗೆ ಅನ್ನಿಸಿತು.

ದೊಡ್ಡಮ್ಮನ ಗಲ್ಲ ಅಲುಗಲಿಲ್ಲ. ಲಾರಿಗೆ ಕೈ ಹೊರಚಾಚಿ 'ತಾಳಪ್ಪಾ' ಎಂದು ಸನ್ನೆ ಮಾಡಿ, ಕೆಳಗಿನ ದಾರಿಗೆ ಕಾರು ಇಳಿಸಿದಳು. ಸೇತುವೆ ನಮ್ಮ ತಲೆಯ ಮೇಲೆ ಹಾದುಹೋಯಿತು. ಕಟ್ಟಡದ ಮೆಟ್ಟಿಲಿನ ನೇರಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದೆ ತಿರುಗದೆಯೇ ಕೇಳಿದಳು: "ಇಳೀತೀರಾ ಯಜಮಾನ್ರೇ, ಸಂದರ್ಶನಕ್ಕೆ ಹೊತ್ತಾಯ್ತು."

ಯಜಮಾನರು ಗಹಗಹಿಸಿ ನಕ್ಕರು. ನಕ್ಕು, "ಅಕ್ಕಾ, ನಿಮ್ಮ ಗತ್ತು ಎಲ್ಹೋಯ್ತು ಇವತ್ತು?" ಎಂದರು. ದೊಡ್ಡಮ್ಮ ಕನ್ನಡಕ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಅಲ್ಲೇ ಹತ್ತು ನಿಮಿಷ ನಿಂತು, ಎಲ್ಲ ತೋರಿಸಿ, ಕನ್ನಡಕ ವಾಪಸು ಇಸಿದುಕೊಂಡೇ ಕಾರು ತಿರುಗಿಸಿದಳು.

ಕಚೇರಿಯ ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು. ದೊಡ್ಡಮ್ಮ ಕಿಟಕಿಯಿಂದ ಕೀಲಿಯ ಗೊಂಚಲು ಆಡಿಸಿದಳು, ಅಷ್ಟೇ. ಒಂದು ಹಾರ್ನ್ ಕೂಗಿತು, ಆಮೇಲೆ ಎರಡು, ಆಮೇಲೆ ನಿಂತಿದ್ದ ಕಾರುಗಳೆಲ್ಲ ಒಟ್ಟಿಗೆ. ಎದುರು ಮನೆಯವರು ಬಾಲ್ಕನಿಗೆ ಓಡಿ ಬಂದರು. ಏಣಿ ಅವಳ ಮುಂದೆ ನಡು ಬಗ್ಗಿಸಿ, "ಇಷ್ಟು ದಿನ ನಟಿಸಿ ತೋರಿಸಿದ್ದಕ್ಕೆ ಬೇಕಾದ್ರೆ ಹೊಡೀರಿ ಗತ್ತಿನಕ್ಕಾ" ಎಂದ.

"ನಿನ್ನ ಕೆನ್ನೆ ಎಟುಕಲ್ಲ. ಇನ್ನೂ ಬಗ್ಗು."

ಅರ್ಧಚಂದ್ರದ ಕಥೆಯನ್ನು ಯಜಮಾನರೇ ಎಲ್ಲರಿಗೂ ಹೇಳಿದರು. ಕೇಳುತ್ತ ಕೇಳುತ್ತ ಹಿರಿಯ ಡ್ರೈವರೊಬ್ಬರು ಅಂಗಿಯ ಜೇಬಿನಿಂದ ಕಳ್ಳಮಾಲಿನ ಹಾಗೆ ಒಂದು ಕನ್ನಡಕ ತೆಗೆದರು. ಅದರಲ್ಲೂ ಅರ್ಧಚಂದ್ರ. "ನಾನು ಸಿಗ್ನಲ್ಲಲ್ಲಿ ಇದನ್ನ ತೆಗೆದು ಹಾಕಿ ತೆಗೆದು ಹಾಕಿ ಕಿವಿ ಸವೆಸ್ಕೊಂಡೆ ಮಾರಾಯ" ಎಂದರು. ಇನ್ನೊಬ್ಬರು ತೆಗೆದರು. ಮತ್ತೊಬ್ಬರು. ಮೂರು ಕನ್ನಡಕಗಳು ಹೊರಬಂದವು; ಎಂಟು ತಿಂಗಳು ಒಬ್ಬರಿಗೊಬ್ಬರು ಬಚ್ಚಿಟ್ಟು ಓಡಾಡಿದ್ದರು.

ಯಜಮಾನರಿಗೆ ಹುರುಪು ಬಂತು. ಕಾರಿನ ಬಾನೆಟ್ಟಿನ ಮೇಲೆ ಕೈ ಬಡಿದು, "ಕೇಳಿ ಎಲ್ರೂ! ಸೋಮವಾರದಿಂದ ಹದಿನಾಲ್ಕು ಕಾರಿಗೂ ಇದೇ ಹೋಲ್ಡರ್, ಅಕ್ಕನ ಕಾರಲ್ಲಿರೋ ಇದೇ ಜಾಗದಲ್ಲಿ! ಕೂದಲೆಳೆಯಷ್ಟೂ ಆಚೀಚೆ ಆಗಬಾರದು!" ಎಂದರು. ಚಪ್ಪಾಳೆ ಬಿತ್ತು. ಆರಡಿಯ ಏಣಿಯೂ ತಟ್ಟುತ್ತಿದ್ದ. ಆ ಜಾಗ ಅವನ ಮೊಣಕಾಲಿಗೆ ಮಾತ್ರ ಕಾಣುತ್ತದೆ ಎಂದು ಅವನಿಗಿನ್ನೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಯಾರೋ ನಗುತ್ತಲೇ ಕೂಗಿದರು: "ಮೊದಲಿನದನ್ನ ಆರಿಸಿದ ಮಹಾನುಭಾವ ಯಾರು ಯಜಮಾನ್ರೇ? ಅದನ್ನ ಅವನ ಹಣೆಗೇ ಅಂಟಿಸಬೇಕು!"

ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಒಳ್ಳೆಯ ಮನುಷ್ಯ, ತಮ್ಮ ಬೂಟು ನೋಡಿಕೊಳ್ಳುತ್ತ, "ಆಗಿದ್ದು ಆಗ್ಹೋಯ್ತು ಬಿಡ್ರಯ್ಯ" ಎಂದರು. ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹದಿನಾಲ್ಕು ಕಾರಿನಲ್ಲೂ ಮತ್ತೆ ಅದೇ ತಪ್ಪು ಇನ್ನೊಂದು ಎತ್ತರದಲ್ಲಿ ಅಂಟಿಕೊಳ್ಳುತ್ತಿತ್ತು.

"ಬೇಡ" ಎಂದೆ.

ನನ್ನ ದನಿ ಅಂಗಳದ ಆಚೆ ಗೋಡೆಗೆ ಬಡಿದು ವಾಪಸು ಬಂತು. ಎಲ್ಲರೂ ತಿರುಗಿದರು. ಏಣಿಯ ನಗು ಅರ್ಧದಲ್ಲೇ ನಿಂತಿತು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು.

"ಮೊದಲಿನದನ್ನ ಆರಿಸಿದ್ದು ನಾನು. ನಿಮ್ಮಲ್ಲಿ ಒಬ್ಬರನ್ನೂ ಸೀಟಲ್ಲಿ ಕೂರಿಸಿ ನೋಡದೆ ಆರಿಸಿದೆ. ಈ ಸಲ ಹದಿನಾಲ್ಕು ಜನಾನೂ ಒಬ್ಬೊಬ್ಬರಾಗಿ ಬಂದು ಕೂತ್ಕೊಳ್ಳಿ, ನಾನೇ ಅಳೀತೀನಿ."